ಪ್ರಾಜೆಕ್ಟಿಗೆ ಡೇಟಾ ಎಲ್ಲಿ ಸಿಗುತ್ತೆ? ನಂಜನಗೂಡು, ತಿ. ನರಸೀಪುರದ ಕಾಮರ್ಸ್ ವಿದ್ಯಾರ್ಥಿಗಳಿಗೊಂದು ಕೈಪಿಡಿ

ಬಿಕಾಂ, ಎಂಕಾಂ ಓದುವ ಹುಡುಗ ಹುಡುಗಿಯರು ನನ್ನನ್ನ ಪದೇಪದೇ ಕೇಳುವ ಪ್ರಶ್ನೆ ಒಂದೇ: ‘ಪ್ರಾಜೆಕ್ಟಿಗೆ ಡೇಟಾ ಎಲ್ಲಿ ಸಿಗುತ್ತೆ?’ ಮೈಸೂರಿನ ಹುಡುಗರು ಕೇಳಿದಾಗ ಯೂನಿವರ್ಸಿಟಿ ಲೈಬ್ರರಿ ಕಡೆ ಕೈ ತೋರಿಸಿ ಸುಮ್ಮನಾಗಬಹುದು. ನಂಜನಗೂಡಿನವರು, ತಿ. ನರಸೀಪುರದವರು ಕೇಳಿದಾಗ ಹಾಗೆ ಹೇಳಿ ಜಾರಿಕೊಳ್ಳೋಕಾಗಲ್ಲ. ನಂಜನಗೂಡಿಗಾದರೂ ಚಾಮರಾಜನಗರದ ರೈಲಿದೆ. ನರಸೀಪುರಕ್ಕೆ ಅದೂ ಇಲ್ಲ, ಬಸ್ಸೇ ಗತಿ. ದಿನಾ ಮೈಸೂರಿಗೆ ಹೋಗಿ ಲೈಬ್ರರಿಯಲ್ಲಿ ಕೂತು ಬರೋದು ಎಲ್ಲರ ಕೈಲಾಗೋ ಮಾತಲ್ಲ. ಹಾಗಾಗಿ ಗೈಡ್ ಇದೆ, ಜೆರಾಕ್ಸ್ ಅಂಗಡಿಯಲ್ಲಿ ಹಿಂದಿನ ಬ್ಯಾಚಿನ ರಿಪೋರ್ಟ್ ಇದೆ, ಈಗ ಮೊಬೈಲಲ್ಲಿ ಚಾಟ್‌ಜಿಪಿಟಿ ಇದೆ. ಕೆಲಸ ಮುಗೀತು.

ಆದರೆ ಅಕೌಂಟಿಂಗ್ ಮತ್ತು ಫೈನಾನ್ಸ್ ಬೇರೆ ವಿಷಯಗಳ ಹಾಗಲ್ಲ. ಇಲ್ಲಿ ಮೂಲ ಸಾಮಗ್ರಿಯಲ್ಲಿ ಬಹುಪಾಲು ಕಾನೂನಿನ ಬಲದಿಂದಲೇ ಬಹಿರಂಗವಾಗಿರುತ್ತೆ, ಅದೂ ಬಿಟ್ಟಿಯಾಗಿ. ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಒಂದು ಬಿಡಿಭಾಗದ ಬಗ್ಗೆ ಅನುಮಾನ ಬಂದರೆ ಪಠ್ಯಪುಸ್ತಕ ತೆಗೆಯಲ್ಲ, ತಯಾರಕರ ಡೇಟಾಶೀಟ್ ತೆಗೀತೀವಿ. ಪತ್ರಿಕೋದ್ಯಮಕ್ಕೆ ಬಂದು ಕಂಪನಿಗಳ ಬಗ್ಗೆ, ಪಂಚಾಯಿತಿಗಳ ಬಗ್ಗೆ ಬರೆಯೋಕೆ ಶುರು ಮಾಡಿದ ಮೇಲೆ ಗೊತ್ತಾಯ್ತು, ಲೆಕ್ಕಪತ್ರದ ಲೋಕದಲ್ಲೂ ಡೇಟಾಶೀಟ್‌ಗಳಿವೆ. ನೀವು ಓದುತ್ತಿರುವ ಊರಿನ ಡೇಟಾಶೀಟ್ ಕೂಡ ಇದೆ. ಹಾಗಾಗಿ ಈ ಕೈಪಿಡಿಯನ್ನ ಲೈಬ್ರರಿಯಿಂದಲ್ಲ, ಕಾರ್ಖಾನೆ ಗೇಟಿನಿಂದ ಶುರು ಮಾಡ್ತೀನಿ.

ಬೇಲಿಯಾಚೆಯ ಕಂಪನಿ

ನಂಜನಗೂಡಿನ ಕೈಗಾರಿಕಾ ಪ್ರದೇಶ ದಾಟಿ ಕಾಲೇಜಿಗೆ ಬರುವವರಿಗೆ ನೆಸ್ಲೆ ಗೊತ್ತು. ಅಲ್ಲಿ ಕಾಫಿ ತಯಾರಾಗುತ್ತೆ, ಮ್ಯಾಗಿಯೂ ತಯಾರಾಗುತ್ತೆ. ನೆಸ್ಲೆ ಇಂಡಿಯಾ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿ. ಆದ್ದರಿಂದ ಅದರ ವಾರ್ಷಿಕ ವರದಿ, ಮೂರು ತಿಂಗಳಿಗೊಮ್ಮೆಯ ಫಲಿತಾಂಶ, ಷೇರುದಾರರ ವಿವರ ಎಲ್ಲವೂ ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟಿನಲ್ಲಿವೆ. ಕಂಪನಿಯ ಹೆಸರು ಹುಡುಕಿ, ‘ಆನ್ಯುಯಲ್ ರಿಪೋರ್ಟ್ಸ್’ ಅನ್ನುವ ಕೊಂಡಿ ಒತ್ತಿ. ಲಾಗಿನ್ ಬೇಡ, ದುಡ್ಡು ಬೇಡ.

ಈ ಒಂದು ಕಂಪನಿಯಲ್ಲೇ ಎರಡು ಒಳ್ಳೆಯ ಪಾಠಗಳಿವೆ. 2015ರ ಜೂನ್‌ನಲ್ಲಿ ಮ್ಯಾಗಿ ಮೇಲೆ ನಿಷೇಧ ಬಿತ್ತು. ಸರಕು ವಾಪಸ್ ತರಿಸಿ ನಾಶ ಮಾಡಬೇಕಾಯ್ತು. ಆ ತ್ರೈಮಾಸಿಕದ ಲೆಕ್ಕದಲ್ಲಿ ಸುಮಾರು 450 ಕೋಟಿ ರೂಪಾಯಿ ‘ಎಕ್ಸೆಪ್ಷನಲ್ ಐಟಂ’ ಅಂತ ಪ್ರತ್ಯೇಕ ಸಾಲಿನಲ್ಲಿ ಕೂತಿತು, ಕಂಪನಿ ಸುಮಾರು 64 ಕೋಟಿ ನಷ್ಟ ತೋರಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮ್ಯಾಗಿ ಉತ್ಪಾದನೆ ಮತ್ತೆ ಶುರುವಾದ ಮೂರು ಕಾರ್ಖಾನೆಗಳಲ್ಲಿ ನಂಜನಗೂಡಿನದೂ ಒಂದು. ಗೈಡಿನಲ್ಲಿ ಎರಡು ಸಾಲಿನ ವ್ಯಾಖ್ಯಾನವಾಗಿರುವ ಅಸಾಮಾನ್ಯ ಬಾಬತ್ತು ಇಲ್ಲಿ ನಿಮ್ಮೂರಿನ ಕಾರ್ಖಾನೆಯ ಕಥೆ. ಎರಡನೆಯದು ಇನ್ನೂ ಸೂಕ್ಷ್ಮ. ನೆಸ್ಲೆ ಮೊದಲು ಜನವರಿಯಿಂದ ಡಿಸೆಂಬರ್ ಲೆಕ್ಕ ಇಡುತ್ತಿತ್ತು. ಏಪ್ರಿಲ್-ಮಾರ್ಚ್‌ಗೆ ಬದಲಾಗುವಾಗ 2023ರ ಜನವರಿಯಿಂದ 2024ರ ಮಾರ್ಚ್‌ವರೆಗೆ 15 ತಿಂಗಳ ಒಂದು ಹಣಕಾಸು ವರ್ಷ ಬಂತು. ಅದು ಗೊತ್ತಿಲ್ಲದೆ ಹಿಂದಿನ ವರ್ಷದ ಜೊತೆ ಹೋಲಿಸಿ ‘ಮಾರಾಟ ಜೋರಾಗಿ ಏರಿದೆ’ ಅಂತ ಬರೆದರೆ ಪ್ರಾಜೆಕ್ಟ್ ಅಲ್ಲೇ ಬಿತ್ತು. ಈ ವಿಷಯ ವೆಬ್‌ಸೈಟುಗಳ ರೆಡಿಮೇಡ್ ಕೋಷ್ಟಕದಲ್ಲಿ ಕಣ್ಣಿಗೆ ಬೀಳೋದು ಕಷ್ಟ, ಮೂಲ ವರದಿಯಲ್ಲಿ ಸ್ಪಷ್ಟವಾಗಿದೆ. ಒಂದು ಎಚ್ಚರಿಕೆ: ‘ನಂಜನಗೂಡು ಘಟಕದ ಲಾಭ ಎಷ್ಟು’ ಅಂತ ಹುಡುಕಬೇಡಿ. ಕಂಪನಿಗಳು ಕಾರ್ಖಾನೆವಾರು ಲಾಭ ಪ್ರಕಟಿಸಬೇಕಿಲ್ಲ.

ಊರಿನ ಮಟ್ಟದಲ್ಲೇ ಲೆಕ್ಕ ಬೇಕು ಅನ್ನುವವರಿಗೆ ಚಿಕ್ಕಯ್ಯನಛತ್ರದ ಸೌತ್ ಇಂಡಿಯಾ ಪೇಪರ್ ಮಿಲ್ಸ್ ಹೆಚ್ಚು ಅನುಕೂಲ. ಸಣ್ಣ ಕಂಪನಿ, ಬಿಎಸ್‌ಇಯಲ್ಲಿದೆ, ವರದಿಯೂ ಚಿಕ್ಕದು. ಮೊದಲ ಸಲ ವಾರ್ಷಿಕ ವರದಿ ಓದುವವರಿಗೆ ನಾನು ಇಂಥದ್ದನ್ನೇ ಹೇಳ್ತೀನಿ. ಮುನ್ನೂರು ಪುಟದ ದೊಡ್ಡ ಕಂಪನಿ ವರದಿಯಲ್ಲಿ ಅರ್ಧ ಬರೀ ಬಣ್ಣದ ಫೋಟೋ.

ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಶುಗರ್ಸ್‌ನ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಬೆಳೆಯುವ ಮನೆಯಿಂದ ಬಂದವರಿಗೆ ಈ ಕಂಪನಿಯ ಬ್ಯಾಲೆನ್ಸ್ ಶೀಟು ಬರೀ ಪರೀಕ್ಷೆಯ ವಿಷಯವಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಯಾವುದೇ ಸಕ್ಕರೆ ಕಂಪನಿಯ ವರದಿ ತೆಗೆದರೂ ‘ಟ್ರೇಡ್ ಪೇಯಬಲ್ಸ್’ ಅನ್ನುವ ಸಾಲಿಗೆ ಹೋಗಿ, ಅದರ ಟಿಪ್ಪಣಿಯಲ್ಲಿ ಬಾಕಿಯ ವಯಸ್ಸಿನ ಕೋಷ್ಟಕ ನೋಡಿ. ಬೆಲೆ ಹೇಗೆ ನಿಗದಿಯಾಯ್ತು ಅನ್ನೋದಕ್ಕೆ ಕೃಷಿ ವೆಚ್ಚ ಮತ್ತು ಬೆಲೆ ಆಯೋಗದ ಕಬ್ಬಿನ ವರದಿ ಇದೆ. ಒಂದು ಟನ್ ಕಬ್ಬಿನ ಖರ್ಚನ್ನು ಸರ್ಕಾರ ಹೇಗೆ ಲೆಕ್ಕ ಹಾಕುತ್ತೆ ಅಂತ ಅದರಲ್ಲಿ ಓದಿ, ಮನೆಯ ಲೆಕ್ಕದ ಜೊತೆ ಇಟ್ಟು ನೋಡಿ. ಕಾಸ್ಟ್ ಅಕೌಂಟಿಂಗ್‌ಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಮುಳುಗಿದ ಕಂಪನಿಗಳ ಕಡತವೂ ಸಿಗುತ್ತೆ. ತಾಂಡವಪುರದ ರೀಡ್ ಅಂಡ್ ಟೇಲರ್ ಸೂಟಿಂಗ್ ಕಾರ್ಖಾನೆಯ ಹೆಸರು ಈ ಭಾಗದವರಿಗೆಲ್ಲ ಗೊತ್ತು. 2018ರಲ್ಲಿ ಆ ಕಂಪನಿಯ ಮೇಲೆ ದಿವಾಳಿ ಸಂಹಿತೆಯಡಿ ಪ್ರಕ್ರಿಯೆ ಶುರುವಾಯ್ತು, 2019ರಲ್ಲಿ ಮುಂಬೈನ ಕಂಪನಿ ಕಾನೂನು ನ್ಯಾಯಮಂಡಳಿ ಲಿಕ್ವಿಡೇಷನ್‌ಗೆ ಆದೇಶಿಸಿತು. ಇಂಥ ಪ್ರಕರಣಗಳ ಸಾರ್ವಜನಿಕ ಪ್ರಕಟಣೆ ಮತ್ತು ಆದೇಶಗಳು ಐಬಿಬಿಐ ಅಂದರೆ ದಿವಾಳಿ ಮಂಡಳಿಯ ವೆಬ್‌ಸೈಟಿನಲ್ಲೂ ನ್ಯಾಯಮಂಡಳಿಯ ವೆಬ್‌ಸೈಟಿನಲ್ಲೂ ಇರುತ್ತವೆ. ಸಂಹಿತೆಯ 53ನೇ ಸೆಕ್ಷನ್ ಪಕ್ಕದಲ್ಲಿಟ್ಟುಕೊಂಡು ಓದಿ. ಕಾರ್ಮಿಕರ 24 ತಿಂಗಳ ಬಾಕಿಗೆ ಬ್ಯಾಂಕಿನಂಥ ಭದ್ರತೆಯುಳ್ಳ ಸಾಲಗಾರರ ಸಮಾನ ಸ್ಥಾನ ಇದೆ ಅಂತ ಅದು ಹೇಳುತ್ತೆ. ಹೇಳೋದು ಒಂದು, ಕೈಗೆ ಬರೋದು ಇನ್ನೊಂದು. ಆ ಅಂತರವನ್ನ ಅಳೆಯೋದೇ ಒಂದು ಎಂಕಾಂ ಪ್ರಬಂಧ ಆಗಬಹುದು.

ಪಟ್ಟಿಯಾಗದ ಖಾಸಗಿ ಕಂಪನಿ ಆದರೆ? ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಕಂಪನಿಯ ಮೂಲ ವಿವರ ಉಚಿತ. ಸಲ್ಲಿಸಿದ ದಾಖಲೆಗಳನ್ನ ನೋಡೋಕೆ ಒಂದು ಕಂಪನಿಗೆ 100 ರೂಪಾಯಿ. ನಾಲ್ವರು ಸೇರಿ ಹಂಚಿಕೊಳ್ಳಿ.

ರೇಶಿಯೋ ಅನಾಲಿಸಿಸ್ ಪ್ರಾಜೆಕ್ಟ್ ಮಾಡುವವರಿಗೆ ಒಂದು ಮಾತು. ಕಂಪನಿ ಕಾಯ್ದೆಯ 3ನೇ ಶೆಡ್ಯೂಲಿಗೆ 2021ರಲ್ಲಿ ಆದ ತಿದ್ದುಪಡಿಯಿಂದ ಕಂಪನಿಗಳೇ 11 ಅನುಪಾತಗಳನ್ನ ಟಿಪ್ಪಣಿಯಲ್ಲಿ ಪ್ರಕಟಿಸಬೇಕು. ಶೇ 25ಕ್ಕಿಂತ ಹೆಚ್ಚು ಬದಲಾದರೆ ಕಾರಣವನ್ನೂ ಬರೆಯಬೇಕು. ಅಂದರೆ ಕರೆಂಟ್ ರೇಶಿಯೋ ಲೆಕ್ಕ ಹಾಕಿ ಪೈ ಚಾರ್ಟ್ ಅಂಟಿಸುವ ಪ್ರಾಜೆಕ್ಟಿಗೆ ಈಗ ಅರ್ಥವೇ ಉಳಿದಿಲ್ಲ. ಕಂಪನಿ ಕೊಟ್ಟ ಕಾರಣ ಒಪ್ಪುವಂಥದ್ದಾ ಅಂತ ಪರೀಕ್ಷಿಸೋದು ನಿಮ್ಮ ಕೆಲಸ.

ನರಸೀಪುರದ ರೇಷ್ಮೆ, ವಿಧಾನಸಭೆಯ ಮೇಜು

ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚುವ ಕಾರ್ಖಾನೆ ಇದೆ. ಮೈಸೂರು ಸಿಲ್ಕ್ ಸೀರೆಯ ನೂಲಿನ ದಾರಿ ಇಲ್ಲಿಂದ ಹೋಗುತ್ತೆ. ಕೆಎಸ್‌ಐಸಿ ಸರ್ಕಾರಿ ಕಂಪನಿ, ಷೇರುಪೇಟೆಯಲ್ಲಿಲ್ಲ. ಹಾಗಾದರೆ ಲೆಕ್ಕ ಎಲ್ಲಿ? 2013ರ ಕಂಪನಿ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರದ ಕಂಪನಿಗಳ ವಾರ್ಷಿಕ ವರದಿಯನ್ನ ಲೆಕ್ಕಪರಿಶೋಧಕರ ವರದಿ ಮತ್ತು ಸಿಎಜಿ ಟಿಪ್ಪಣಿಯ ಸಮೇತ ಶಾಸನಸಭೆಯ ಮುಂದೆ ಇಡಬೇಕು. ಜೊತೆಗೆ ಸಿಎಜಿ ರಾಜ್ಯದ ಸಾರ್ವಜನಿಕ ಉದ್ಯಮಗಳ ಬಗ್ಗೆ ಪ್ರತ್ಯೇಕ ವರದಿ ಕೊಡುತ್ತೆ, ಅದು ಸಿಎಜಿ ವೆಬ್‌ಸೈಟಿನಲ್ಲಿ ಕರ್ನಾಟಕ ವಿಭಾಗದಲ್ಲಿದೆ. ರಾಜ್ಯದ ಯಾವ ನಿಗಮ ಎಷ್ಟು ವರ್ಷದ ಲೆಕ್ಕ ಬಾಕಿ ಉಳಿಸಿಕೊಂಡಿದೆ ಅನ್ನೋ ಪಟ್ಟಿ ಅದರಲ್ಲೇ ಸಿಗುತ್ತೆ. ವಿರೋಧ ಪಕ್ಷದವರೇ ಅದನ್ನ ಪೂರ್ತಿ ಓದ್ತಾರೋ ಇಲ್ವೋ ಅನುಮಾನ.

ಗೂಡಿನ ಬೆಲೆ ಬೇಕಾದರೆ ಕೇಂದ್ರ ರೇಷ್ಮೆ ಮಂಡಳಿ, ರಾಜ್ಯದ ರೇಷ್ಮೆ ಇಲಾಖೆ ಎರಡೂ ಮಾರುಕಟ್ಟೆ ದರ ಪ್ರಕಟಿಸುತ್ತವೆ. ಗೂಡಿನ ದರದ ಏರಿಳಿತ ಒಂದು ಕಡೆ, ನಿಗಮದ ಕಚ್ಚಾ ಸಾಮಗ್ರಿ ಖರ್ಚು ಇನ್ನೊಂದು ಕಡೆ. ಎರಡನ್ನೂ ಐದು ವರ್ಷಕ್ಕೆ ಜೋಡಿಸಿದರೆ ಅದೇ ಒಂದು ಸಂಶೋಧನೆ.

ಕನ್ನಡದಲ್ಲೇ ಇರುವ ಲೆಕ್ಕ

‘ಎಲ್ಲಾ ಇಂಗ್ಲಿಷಲ್ಲೇ ಇದೆಯಲ್ಲ’ ಅನ್ನೋದು ನ್ಯಾಯವಾದ ತಕರಾರು. ಕನ್ನಡ ಮಾಧ್ಯಮದಿಂದ ಬಂದವರಿಗೆ ಜರ್ನಲ್ ಲೇಖನಕ್ಕಿಂತ ಮೊದಲು ಭಾಷೆಯೇ ಬಾಗಿಲು ಹಾಕುತ್ತೆ. ಆದರೆ ಕನ್ನಡದಲ್ಲಿ ಅಚ್ಚಾದ ಬ್ಯಾಲೆನ್ಸ್ ಶೀಟು ನಿಮ್ಮ ಮನೆಯಲ್ಲೇ ಇರುವ ಸಾಧ್ಯತೆ ಇದೆ. ಊರಿನ ಹಾಲು ಉತ್ಪಾದಕರ ಸಹಕಾರ ಸಂಘ, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಸರ್ವ ಸದಸ್ಯರ ಸಭೆಗೆ ಮುಂಚೆ ಹಂಚುವ ಆ ತೆಳು ಪುಸ್ತಕ ಇದೆಯಲ್ಲ, ಟಿವಿ ಮೇಲೋ ಕಪಾಟಿನೊಳಗೋ ಬಿದ್ದಿರುತ್ತೆ, ಅದೇ. ಜಮಾ-ಖರ್ಚು, ಲಾಭ-ನಷ್ಟ, ಆಸ್ತಿ-ಜವಾಬ್ದಾರಿ ತಖ್ತೆ, ಸವಕಳಿ, ಆಪದ್ಧನ ನಿಧಿ. ಪೂರ್ತಿ ಶಬ್ದಕೋಶ ಅದರಲ್ಲಿದೆ. ಕೆಲವು ಕಡೆ ಬ್ಯಾಲೆನ್ಸ್ ಶೀಟಿಗೆ ‘ಅಢಾವೆ ಪತ್ರಿಕೆ’ ಅಂತಲೂ ಅಚ್ಚಾಗಿರುತ್ತೆ. ಸಂಘಗಳಿಗೆ ಲೆಕ್ಕಪರಿಶೋಧಕರು ಎ, ಬಿ, ಸಿ, ಡಿ ಅಂತ ದರ್ಜೆ ಕೊಡ್ತಾರೆ. ನಿಮ್ಮ ಸಂಘದ ದರ್ಜೆ ಏನು, ಯಾಕೆ? ಸದಸ್ಯರಾದ ಅಪ್ಪ ಅಮ್ಮನ ಮೂಲಕ ಕೇಳಿ. ಐದು ವರ್ಷದ ಪುಸ್ತಕ ಸೇರಿಸಿದರೆ ಯಾವ ಡೇಟಾಬೇಸಿನಲ್ಲೂ ಸಿಗದ ಡೇಟಾ ನಿಮ್ಮ ಕೈಲಿರುತ್ತೆ.

ನಂಜನಗೂಡು ನಗರಸಭೆ, ತಿ. ನರಸೀಪುರ ಪುರಸಭೆ ಎರಡೂ 2006ರ ಕರ್ನಾಟಕ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳಡಿ ಡಬಲ್ ಎಂಟ್ರಿ ಪದ್ಧತಿಯಲ್ಲಿ ಲೆಕ್ಕ ಇಡಬೇಕು. ಅಂದರೆ ಅವಕ್ಕೂ ಬ್ಯಾಲೆನ್ಸ್ ಶೀಟ್ ಇದೆ. ಪೌರಾಡಳಿತ ನಿರ್ದೇಶನಾಲಯದಡಿ ಪ್ರತಿ ಸ್ಥಳೀಯ ಸಂಸ್ಥೆಗೂ ವೆಬ್‌ಸೈಟ್ ಇದೆ, ಬಜೆಟ್ ಅಲ್ಲಿ ಹುಡುಕಿ. ಗ್ರಾಮ ಪಂಚಾಯಿತಿ ಲೆಕ್ಕ ಪಂಚತಂತ್ರ ತಂತ್ರಾಂಶದಲ್ಲಿದೆ. ಸಿಗದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಹಾಗಾಗಿ ‘ಎಲ್ಲಾ ಲೆಕ್ಕ ಕೊಡಿ’ ಅನ್ನಬೇಡಿ. ‘ಇಂಥ ವರ್ಷದ ಲೆಕ್ಕಪರಿಶೋಧಿತ ಬ್ಯಾಲೆನ್ಸ್ ಶೀಟಿನ ಪ್ರತಿ’ ಅಂತ ಕೇಳಿ. ಉತ್ತರಕ್ಕೆ 30 ದಿನ, ಅದನ್ನ ನಿಮ್ಮ ವೇಳಾಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ರಾಜ್ಯ ಬಜೆಟ್, ಮಧ್ಯಮಾವಧಿ ವಿತ್ತೀಯ ಯೋಜನೆ, ಆರ್ಥಿಕ ಸಮೀಕ್ಷೆ ಆರ್ಥಿಕ ಇಲಾಖೆ ಮತ್ತು ಯೋಜನಾ ಇಲಾಖೆಯ ವೆಬ್‌ಸೈಟಿನಲ್ಲಿವೆ. ಬಜೆಟ್ ಭಾಷಣವೂ ಆರ್ಥಿಕ ಸಮೀಕ್ಷೆಯೂ ಕನ್ನಡದಲ್ಲೇ ಸಿಗುತ್ತವೆ. ತಾಲ್ಲೂಕು ಮಟ್ಟದ ಅಂಕಿಅಂಶಕ್ಕೆ ಜಿಲ್ಲಾ ಸಾಂಖ್ಯಿಕ ಕಚೇರಿಯ ‘ಅಂಕಿಅಂಶಗಳ ನೋಟ’ ನೋಡಿ.

ಬ್ಯಾಂಕಿಂಗ್ ವಿಷಯ ಆರಿಸಿಕೊಂಡವರಿಗೆ ಆರ್‌ಬಿಐನ ‘ಡೇಟಾಬೇಸ್ ಆನ್ ಇಂಡಿಯನ್ ಎಕಾನಮಿ’ ಸಾಕುಬೇಕಾಗುವಷ್ಟಿದೆ. ಜಿಲ್ಲಾವಾರು ಠೇವಣಿ ಮತ್ತು ಸಾಲದ ಅಂಕಿ ಮೂರು ತಿಂಗಳಿಗೊಮ್ಮೆ ಬರುತ್ತೆ. ಮೈಸೂರು ಜಿಲ್ಲೆಯ ಜನ ಇಟ್ಟ ನೂರು ರೂಪಾಯಿ ಠೇವಣಿಗೆ ಜಿಲ್ಲೆಯೊಳಗೆ ಎಷ್ಟು ಸಾಲ ಹೋಗುತ್ತೆ ಅಂತ ನೀವೇ ಭಾಗಿಸಿ ನೋಡಬಹುದು. ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯ ಕಡತಗಳು, ನಬಾರ್ಡ್ ಪ್ರತಿ ಜಿಲ್ಲೆಗೂ ತಯಾರಿಸುವ ಸಾಲ ಯೋಜನೆ ಇವೂ ಬಹಿರಂಗ.

ಜರ್ನಲ್‌ಗಳ ಬೀಗ

ಲಿಟರೇಚರ್ ರಿವ್ಯೂ ಬರೆಯೋಕೆ ಜರ್ನಲ್ ಲೇಖನ ಬೇಕೇ ಬೇಕು. ಇಲ್ಲಿ ರಾಜಕೀಯ ಇದೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಎಲ್ಸೆವಿಯರ್, ವೈಲಿ, ಸೇಜ್, ಟೇಲರ್ ಅಂಡ್ ಫ್ರಾನ್ಸಿಸ್ ಸೇರಿ 30 ಪ್ರಕಾಶಕರ ಸುಮಾರು 13,000 ಜರ್ನಲ್. ಲಾಭ ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ. ಅದೇ ಊರಿನ ಖಾಸಗಿ, ಅನುದಾನಿತ ಕಾಲೇಜಿನ ಹುಡುಗಿ ಹೊರಗೆ. ತೆರಿಗೆ ಮಾತ್ರ ಎರಡೂ ಮನೆಯವರದ್ದು. ನನಗಂತೂ ಇದು ಸರಿ ಕಾಣಲ್ಲ.

ನಂಜನಗೂಡಿನ, ತಿ. ನರಸೀಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದುತ್ತಿದ್ದರೆ ಗ್ರಂಥಪಾಲಕರಿಗೆ ನೇರ ಪ್ರಶ್ನೆ ಹಾಕಿ: ‘ನಮ್ಮ ಕಾಲೇಜು ಈ ಯೋಜನೆಗೆ ನೋಂದಣಿ ಆಗಿದೆಯಾ? ನನಗೆ ಲಾಗಿನ್ ಬೇಕು.’ ಅನುದಾನಿತ ಕಾಲೇಜಿನವರು ಎನ್-ಲಿಸ್ಟ್ ಬಗ್ಗೆ ಕೇಳಿ. ಅದೂ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದೇ, ಕಾಲೇಜು ವರ್ಷಕ್ಕಿಷ್ಟು ಅಂತ ಕಟ್ಟಿದರೆ ವಿದ್ಯಾರ್ಥಿಗಳಿಗೆಲ್ಲ ಲಾಗಿನ್ ಸಿಗುತ್ತೆ. ಸಂಘಟನೆ ಮಾಡುವ ಗೆಳೆಯರಿಗೆ ಒಂದು ಸಲಹೆ: ಬಸ್‌ಪಾಸ್, ಸ್ಕಾಲರ್‌ಶಿಪ್ ಬೇಡಿಕೆಯ ಜೊತೆ ‘ಜರ್ನಲ್ ಲಾಗಿನ್’ ಅನ್ನೋದನ್ನೂ ಸೇರಿಸಿ.

ಲಾಗಿನ್ ಸಿಗದವರಿಗೂ ದಾರಿ ಇದೆ. ಶೋಧಗಂಗಾದಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸೇರಿ ದೇಶದ ಪಿಎಚ್‌ಡಿ ಪ್ರಬಂಧಗಳು ಪೂರ್ತಿ ಓದಲು ಸಿಗುತ್ತವೆ. ನಿಮ್ಮ ವಿಷಯಕ್ಕೆ ಹತ್ತಿರದ ಒಂದು ಪ್ರಬಂಧ ಹುಡುಕಿ, ಎರಡನೇ ಅಧ್ಯಾಯ ಮತ್ತು ಕೊನೆಯ ಗ್ರಂಥಸೂಚಿ ಓದಿ. ಬೇರೊಬ್ಬರು ವರ್ಷಗಟ್ಟಲೆ ಹುಡುಕಿದ್ದು ಒಂದು ಸಂಜೆಯಲ್ಲಿ ಸಿಗುತ್ತೆ. ಎತ್ತಿ ಅಂಟಿಸಬೇಡಿ ಅಷ್ಟೇ, ಹೋಲಿಕೆ ಹಿಡಿಯುವ ಸಾಫ್ಟ್‌ವೇರ್ ಅದೇ ಭಂಡಾರದ ಜೊತೆ ತಾಳೆ ನೋಡಬಲ್ಲದು. ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗಿನ ‘ಆಲ್ ವರ್ಷನ್ಸ್’ ಒತ್ತಿದರೆ ಎಷ್ಟೋ ಸಲ ಲೇಖಕರೇ ಹಾಕಿದ ಪಿಡಿಎಫ್ ಇರುತ್ತೆ. ಎಸ್‌ಎಸ್‌ಆರ್‌ಎನ್‌ನಲ್ಲಿ ಫೈನಾನ್ಸ್ ಲೇಖನಗಳ ಕರಡು ಪ್ರತಿಗಳಿವೆ. ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಆನ್‌ಲೈನ್ ಓದಬಹುದು. ಪಠ್ಯದ ಮಟ್ಟಕ್ಕೆ ಇಗ್ನೋದ ಇ-ಜ್ಞಾನಕೋಶ, ಇ-ಪಿಜಿ ಪಾಠಶಾಲಾ, ಖರಗ್‌ಪುರ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ. ಸಿಎ ಸಂಸ್ಥೆಯ ಅಧ್ಯಯನ ಸಾಮಗ್ರಿ ಸಿಎ ಮಾಡುವವರಿಗೆ ಮಾತ್ರ ಅಂತ ಅನೇಕರು ಅಂದ್ಕೊಂಡಿದ್ದಾರೆ. ಯಾರು ಬೇಕಾದರೂ ಡೌನ್‌ಲೋಡ್ ಮಾಡ್ಕೊಳ್ಳಬಹುದು, ಲೆಕ್ಕ ಬಿಡಿಸಿದ ರೀತಿಯಂತೂ ಬಹುತೇಕ ಗೈಡುಗಳಿಗಿಂತ ಚೆನ್ನಾಗಿದೆ.

ಚಾಟ್‌ಜಿಪಿಟಿಯನ್ನ ಪಾರಿಭಾಷಿಕ ಪದ ಅರ್ಥ ಮಾಡ್ಕೊಳ್ಳೋಕೆ, ಇಂಗ್ಲಿಷ್ ಪ್ಯಾರಾ ಬಿಡಿಸಿ ಹೇಳಿಸಿಕೊಳ್ಳೋಕೆ ಬಳಸಿ. ರೆಫರೆನ್ಸ್ ಕೇಳಬೇಡಿ. ಇಲ್ಲದ ಲೇಖಕ, ಇಲ್ಲದ ಜರ್ನಲ್, ಇಲ್ಲದ ಪುಟಸಂಖ್ಯೆಯನ್ನ ಅದು ಅಷ್ಟೇ ವಿಶ್ವಾಸದಿಂದ ಕೊಡಬಲ್ಲದು.

ಕೊನೆಗೂ ಲೈಬ್ರರಿ

ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನ ಗುರುತಿಸಿ ಬೆಳಕಿಗೆ ತಂದವರು ಮೈಸೂರಿನ ಸರ್ಕಾರಿ ಪ್ರಾಚ್ಯ ಗ್ರಂಥಾಲಯದ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿ. 1909ರಲ್ಲಿ ಅದು ಅಚ್ಚಾಯ್ತು. ಲೆಕ್ಕದ ಕಚೇರಿ ಹೇಗಿರಬೇಕು, ಅಧಿಕಾರಿಗಳು ಯಾವ ನಲವತ್ತು ವಿಧದಲ್ಲಿ ಹಣ ನುಂಗುತ್ತಾರೆ ಅಂತ ಪಟ್ಟಿ ಮಾಡಿದ ಪುಸ್ತಕ ಸಿಕ್ಕಿದ್ದು ನಿಮ್ಮ ಜಿಲ್ಲೆಯ ಲೈಬ್ರರಿಯಲ್ಲಿ. ಆಡಿಟಿಂಗ್ ಪಾಠಕ್ಕೆ ಇದನ್ನ ಯಾಕೆ ಸೇರಿಸಲ್ಲವೋ.

ಮಾನಸಗಂಗೋತ್ರಿಯ ವಿಶ್ವವಿದ್ಯಾನಿಲಯ ಗ್ರಂಥಾಲಯಕ್ಕೆ ಹೋಗುವುದಾದರೆ ಪ್ರಾಂಶುಪಾಲರ ಪತ್ರ, ಕಾಲೇಜಿನ ಗುರುತಿನ ಚೀಟಿ ಇಟ್ಟುಕೊಂಡು ಹೋಗಿ. ಮನೆಯಲ್ಲೇ ಸಿಗುವುದನ್ನ ಅಲ್ಲಿ ಹುಡುಕಿ ಸಮಯ ಕಳೆಯಬೇಡಿ. ಹಳೆಯ ಪ್ರಬಂಧಗಳು, ದುಬಾರಿ ಪಠ್ಯಗಳು, ಹಳೆಯ ಸಂಪುಟಗಳು, ಕ್ಯಾಂಪಸ್ಸಿನ ನೆಟ್‌ವರ್ಕಿನಲ್ಲಿ ಮಾತ್ರ ತೆರೆಯುವ ಜರ್ನಲ್‌ಗಳು, ಇವಿಷ್ಟರ ಪಟ್ಟಿ ಮಾಡ್ಕೊಂಡು ಹೋದರೆ ಎರಡು ದಿನ ಸಾಕು.

ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಫೈನಾನ್ಸ್ ಸಂಶೋಧನೆಗೆ ಬೇಕಾದ ಪುಸ್ತಕ ಸಿಗೋದು ಅಪರೂಪ. ಅಲ್ಲಿ ಪ್ರಧಾನವಾಗಿ ಪತ್ರಿಕೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅವಕ್ಕೆ ‘ಅರಿವು ಕೇಂದ್ರ’ ಅಂತ ಹೆಸರು. ಕಂಪ್ಯೂಟರ್, ಇಂಟರ್ನೆಟ್ ಇರುವ ಕಡೆ ದೊಡ್ಡ ಪಿಡಿಎಫ್‌ಗಳನ್ನ ಅಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಬ್ಯಾಲೆನ್ಸ್ ಶೀಟನ್ನ ಮೊಬೈಲ್ ಪರದೆಯಲ್ಲಿ ಓದೋದು ಕಣ್ಣಿಗೆ ಶಿಕ್ಷೆ.

ಪುಸ್ತಕ ಯಾಕಿಲ್ಲ ಅನ್ನುವ ಪ್ರಶ್ನೆಗೆ ಉತ್ತರವನ್ನೂ ಲೆಕ್ಕದಲ್ಲೇ ಹುಡುಕಬಹುದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಸೆಸ್ ವಸೂಲಾಗುತ್ತೆ. ನಗರಸಭೆ, ಪುರಸಭೆ ಬರೀ ವಸೂಲಿದಾರರು, ಆ ಹಣವನ್ನ ಗ್ರಂಥಾಲಯ ಪ್ರಾಧಿಕಾರಕ್ಕೆ ದಾಟಿಸಬೇಕು. ದಾಟಿಸುವವರೆಗೆ ಅದು ಆದಾಯವಲ್ಲ, ಹೊಣೆ. ಬೆಂಗಳೂರಿನಲ್ಲಿ ಪಾಲಿಕೆ ಉಳಿಸಿಕೊಂಡ ಸೆಸ್ ಬಾಕಿ ವರ್ಷಗಟ್ಟಲೆ ಸುದ್ದಿಯಾಗಿದೆ. ನಿಮ್ಮ ಊರಿನ ಸಂಸ್ಥೆಯ ಬ್ಯಾಲೆನ್ಸ್ ಶೀಟಿನ ಹೊಣೆಗಳ ಬದಿಯಲ್ಲಿ ‘ಗ್ರಂಥಾಲಯ ಸೆಸ್’ ಅನ್ನುವ ಸಾಲು ಹುಡುಕಿ. ವರ್ಷದ ಆರಂಭದಲ್ಲಿ ಎಷ್ಟಿತ್ತು, ಎಷ್ಟು ವಸೂಲಾಯ್ತು, ಎಷ್ಟು ಪಾವತಿಯಾಯ್ತು, ಕೊನೆಗೆ ಎಷ್ಟು ಉಳೀತು. ನಾಲ್ಕೇ ಅಂಕಿ. ಐದು ವರ್ಷಕ್ಕೆ ಇಪ್ಪತ್ತು. ಪ್ರಾಜೆಕ್ಟ್ ವಿಷಯ ಇನ್ನೂ ಸಿಕ್ಕಿಲ್ಲ ಅನ್ನುವವರು ಇದನ್ನ ತಗೊಳ್ಳಿ.

ಇನ್ನು ಸಮಯ. ಮಾರ್ಚ್‌ಗೆ ವರ್ಷ ಮುಗಿಸುವ ಕಂಪನಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕು, ವರದಿ ಅದಕ್ಕೂ ಮುಂಚೆ ಬರುತ್ತೆ. ಸಹಕಾರ ಸಂಘಗಳ ಸಭೆಯ ಪುಸ್ತಕವೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ರಾಜ್ಯ ಬಜೆಟ್ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ. ಮಾಹಿತಿ ಹಕ್ಕಿನ ಅರ್ಜಿಗೆ ಒಂದು ತಿಂಗಳು, ಮೇಲ್ಮನವಿ ಬೇಕಾದರೆ ಇನ್ನೊಂದೆರಡು ತಿಂಗಳು ಹಿಡಿಯಿರಿ. ಮೇ-ಜೂನ್‌ನಲ್ಲಿ ರಿಪೋರ್ಟ್ ಸಲ್ಲಿಸಬೇಕಾದವರು ಅರ್ಜಿಯನ್ನ ದಸರಾ ರಜೆಯಲ್ಲೇ ಹಾಕಿಬಿಡಿ.